ಓದುಗರ ಪ್ರಶ್ನೆ: ಎಳೆದುಕೊಂಡ ಉಸಿರು ಕೊನೆಗೆ ಎಲ್ಲಿಗೆ ಹೋಗುತ್ತೆ?

ಪ್ರಶ್ನೆ: ನಾವು ಒಳಗೆ ಎಳೆದ ಆಕ್ಸಿಜನ್ನೇ ಕಾರ್ಬನ್ ಡೈ ಆಕ್ಸೈಡ್ ಆಗಿ ಹೊರಗೆ ಬರುತ್ತೆ ಅಂದುಕೊಂಡಿದ್ದೆ. ನಮ್ಮ ಬಯಾಲಜಿ ಮೇಡಂ, ಅಲ್ಲ, ಅದು ನೀರಾಗುತ್ತೆ ಅಂದರು. ಎಲ್ಲಿ, ಹೇಗೆ?
ಪಿಯು ವಿದ್ಯಾರ್ಥಿನಿ, ಶಿರಸಿ

ಉತ್ತರ: ಮೇಡಂ ಹೇಳಿದ್ದೇ ಸರಿ. ಬಿಡುವ ಉಸಿರಿನಲ್ಲಿರುವ ಕಾರ್ಬನ್ ಡೈ ಆಕ್ಸೈಡ್‌ನ ಆಕ್ಸಿಜನ್ ಬರುವುದು ಉಂಡ ಅನ್ನದಿಂದ, ದೇಹದ ನೀರಿನಿಂದ. ಮೂಗಿನಿಂದ ಎಳೆದದ್ದು ಬೇರೆಯೇ ದಾರಿ ಹಿಡಿಯುತ್ತದೆ. ಅದರಲ್ಲಿ ಹೆಚ್ಚುಕಡಿಮೆ ನೂರಕ್ಕೆ 90ರಷ್ಟು ಹೋಗಿ ಸೇರುವುದು ಒಂದೇ ಒಂದು ಕಿಣ್ವಕ್ಕೆ. ಹೆಸರು ಸೈಟೋಕ್ರೋಮ್ ಸಿ ಆಕ್ಸಿಡೇಸ್. ಜೀವಕೋಶದ ಶಕ್ತಿಮನೆಯಾದ ಮೈಟೊಕಾಂಡ್ರಿಯಾದ ಒಳಪೊರೆಯಲ್ಲಿ ಹೂತುಕೊಂಡು ಕೂತಿರುತ್ತದೆ.

ನಮ್ಮ ದೇಹದಲ್ಲಿ ಇದು ಹದಿಮೂರು-ಹದಿನಾಲ್ಕು ಪ್ರೋಟೀನ್ ತುಂಡುಗಳ ಒಂದು ಗಂಟು. ಮುಖ್ಯ ಕೆಲಸವೆಲ್ಲ ನಡೆಯುವುದು ಅತಿ ದೊಡ್ಡ ಮೂರು ತುಂಡುಗಳಲ್ಲಿ. ಆ ಮೂರನ್ನು ಮಾಡುವ ಜೀನ್‌ಗಳು ಮೈಟೊಕಾಂಡ್ರಿಯಾದ ಸ್ವಂತ ಡಿಎನ್‌ಎಯಲ್ಲಿವೆ, ಅಂದರೆ ಅಮ್ಮನಿಂದ ಮಾತ್ರ ಬಂದವು. ಉಳಿದವಕ್ಕೆ ಬಹುಮಟ್ಟಿಗೆ ಅಪ್ಪನ ಪಾಲೂ ಇದೆ. ಒಳಗೆ ಎರಡು ಹೀಮ್, ಅಂದರೆ ನಡುವೆ ಕಬ್ಬಿಣ ಹಿಡಿದಿಟ್ಟ ಉಂಗುರದಂಥ ಅಣು, ಜೊತೆಗೆ ಮೂರು ತಾಮ್ರದ ಪರಮಾಣು. ಊಟದಿಂದ ಕಿತ್ತುಕೊಂಡ ಎಲೆಕ್ಟ್ರಾನ್‌ಗಳನ್ನು ಸೈಟೋಕ್ರೋಮ್ ಸಿ ಅನ್ನೋ ಪುಟ್ಟ ಪ್ರೋಟೀನ್ ಒಂದೊಂದಾಗಿ ಹೊತ್ತು ತಂದು ಬಾಗಿಲಲ್ಲಿ ಕೊಡುತ್ತದೆ. ಎರಡು ತಾಮ್ರ ಅದನ್ನು ಇಸಿದುಕೊಂಡು ಮೊದಲ ಹೀಮ್‌ಗೆ, ಅದು ಎರಡನೇ ಹೀಮ್‌ಗೆ ದಾಟಿಸುತ್ತದೆ. ಎರಡನೇ ಹೀಮ್‌ನ ಕಬ್ಬಿಣದ ಎದುರಿಗೇ ಮೂರನೇ ತಾಮ್ರ, ನಡುವೆ ಅರ್ಧ ನ್ಯಾನೊಮೀಟರ್‌ನಷ್ಟು ಸಂದು. ಆಕ್ಸಿಜನ್ ಬಂದು ಕೂರುವುದು ಆ ಸಂದಿನಲ್ಲಿ.

ಅಲ್ಲಿ ನಡೆಯುವುದೇ ಮಜಾ ಇರುವ ವಿಷಯ. ಆಕ್ಸಿಜನ್ ನೀರಾಗಬೇಕಾದರೆ ನಾಲ್ಕು ಎಲೆಕ್ಟ್ರಾನ್ ಬೇಕು. ಒಂದೋ ಎರಡೋ ಕೊಟ್ಟು ಬಿಟ್ಟುಬಿಟ್ಟರೆ ಅದು ಅರೆಬೆಂದ ಪದಾರ್ಥ, ಸೂಪರ್‌ಆಕ್ಸೈಡ್, ಪೆರಾಕ್ಸೈಡ್ ಥರದ್ದು, ಸುತ್ತಮುತ್ತ ಇದ್ದದ್ದನ್ನೆಲ್ಲ ಸುಡುತ್ತಾ ಹೋಗುತ್ತದೆ. ಅದಕ್ಕೇ ಈ ಕಿಣ್ವ ಅವಸರ ಮಾಡಿ ನಾಲ್ಕನ್ನೂ ಒಂದೇ ಏಟಿಗೆ ಕೊಟ್ಟು ಆಕ್ಸಿಜನ್‌ನ ಜೋಡಿಯನ್ನು ಮುರಿದುಬಿಡುತ್ತದೆ. ಕಬ್ಬಿಣ ಎರಡು ಕೊಡುತ್ತದೆ, ತಾಮ್ರ ಒಂದು. ಇನ್ನೊಂದು? ಪಕ್ಕದಲ್ಲೇ ಟೈರೋಸಿನ್ ಅನ್ನೋ ಅಮೈನೋ ಆಮ್ಲ ಇದೆ, ಅದರ ಹತ್ತಿರ ಕೈಸಾಲ! ಆಮೇಲೆ ಸೈಟೋಕ್ರೋಮ್ ಸಿ ತರುವ ಎಲೆಕ್ಟ್ರಾನ್‌ಗಳಿಂದ ಸಾಲ ತೀರುತ್ತದೆ. ಎರಡು ಅಣು ನೀರು ಹೊರಗೆ ಬರುತ್ತದೆ, ಸಂದು ಮತ್ತೆ ಖಾಲಿ.

ಈ ಲೇವಾದೇವಿಯಲ್ಲಿ ಬಿಡುಗಡೆಯಾಗುವ ಶಕ್ತಿಯನ್ನೂ ಸುಮ್ನೆ ಬಿಡುವುದಿಲ್ಲ. ಒಂದು ಆಕ್ಸಿಜನ್ ಅಣುವಿಗೆ, ಎಲೆಕ್ಟ್ರಾನ್ ಕಳೆದುಕೊಂಡ ಹೈಡ್ರೋಜನ್ ಆದ ನಾಲ್ಕು ಪ್ರೋಟಾನ್‌ಗಳನ್ನು ಪೊರೆಯ ಆಚೆ ತಳ್ಳುತ್ತದೆ. ನೀರು ಮಾಡಲು ಬೇಕಾದ ನಾಲ್ಕು ಬೇರೆ, ಅವು ಒಳಗಡೆಯಿಂದ. ಹೀಗೆ ಆಚೆ ಸೇರಿದ ಪ್ರೋಟಾನ್‌ಗಳು ವಾಪಸ್ ನುಗ್ಗುವಾಗ ಇನ್ನೊಂದು ಕಿಣ್ವ ಎಟಿಪಿ, ಅಂದರೆ ಜೀವಕೋಶ ಖರ್ಚು ಮಾಡುವ ಶಕ್ತಿಯ ನಾಣ್ಯ, ಮಾಡಿಕೊಳ್ಳುತ್ತದೆ. ಈ ಪಂಪ್ ಕೆಲಸವನ್ನು 1977ರಲ್ಲಿ ತೋರಿಸಿದ್ದು ಫಿನ್‌ಲೆಂಡಿನ ಮಾರ್ಟೆನ್ ವಿಕ್‌ಸ್ಟ್ರೋಮ್. ಅದನ್ನು ಹಟ ಹಿಡಿದು ವರ್ಷಗಟ್ಟಲೆ ಒಪ್ಪದವರು ಯಾರು ಗೊತ್ತಾ? ಪೀಟರ್ ಮಿಚೆಲ್. ಪೊರೆಯಾಚೆ ಪ್ರೋಟಾನ್ ಸೇರಿಸಿಯೇ ಎಟಿಪಿ ಆಗುತ್ತದೆ ಅನ್ನೋ ವಿಚಾರಕ್ಕೆ 1978ರ ನೊಬೆಲ್ ಪಡೆದ ಅದೇ ಮಿಚೆಲ್! ಕೊನೆಗೆ ಒಪ್ಪಿಕೊಂಡರು ಅನ್ನಿ.

ಪ್ರಶ್ನೆ: ಇಷ್ಟು ಸಣ್ಣ ವಸ್ತು ಒಳಗೆ ಇದೆ ಅಂತ ಮೊದಲು ಗೊತ್ತಾದದ್ದಾದರೂ ಹೇಗೆ?
ನಿವೃತ್ತ ಮೇಷ್ಟ್ರು, ಮಡಿಕೇರಿ

ಉತ್ತರ: ಸರ್, ನಿಮ್ಮೂರಿನ ಕಡೆ ಜೇನುಪೆಟ್ಟಿಗೆಗೆ ಬಿದ್ದು ಮೇಣ ತಿಂದು ಹಾಳು ಮಾಡುವ ಪತಂಗ ಇದೆಯಲ್ಲ, ಅದರ ಋಣ ಇದರಲ್ಲಿದೆ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಡೇವಿಡ್ ಕೀಲಿನ್ ಅನ್ನುವವರು ಆ ಪತಂಗದ ಎದೆಯ ಸ್ನಾಯುವಿನ ಮೂಲಕ ಬೆಳಕು ಹಾಯಿಸಿ, ಅದನ್ನು ಬಣ್ಣಗಳಾಗಿ ಬಿಡಿಸಿ ತೋರಿಸುವ ರೋಹಿತದರ್ಶಕದಲ್ಲಿ ನೋಡುತ್ತಿದ್ದರು. ಪತಂಗ ರೆಕ್ಕೆ ಬಡಿದಾಗ ಬಣ್ಣಗಳ ನಡುವೆ ಕಪ್ಪು ಪಟ್ಟೆ ಮೂಡುತ್ತಿತ್ತು. ಸುಮ್ಮನಾದರೆ ಪಟ್ಟೆ ಮಾಯ. ಯೀಸ್ಟ್ ಕಲಸಿದ ನೀರಿನಲ್ಲೂ ಅದೇ ಆಟ: ಗಾಳಿ ಸೇರುವ ಹಾಗೆ ಅಲುಗಿಸಿದರೆ ಪಟ್ಟೆ ಹೋಗುತ್ತದೆ, ಇಟ್ಟರೆ ಮತ್ತೆ ಬರುತ್ತದೆ. ಸಯನೈಡ್ ಬೆರೆಸಿದರೆ ಎಷ್ಟು ಅಲುಗಿಸಿದರೂ ಹೋಗುವುದಿಲ್ಲ! ಎಲೆಕ್ಟ್ರಾನ್ ತುಂಬಿದ್ದಾಗ ಪಟ್ಟೆ, ಆಕ್ಸಿಜನ್ ಅದನ್ನು ಎಳೆದುಕೊಂಡರೆ ಮಾಯ; ಸಯನೈಡ್ ಆ ಕೊನೆಯ ಹೆಜ್ಜೆಯನ್ನೇ ತಡೆಯುತ್ತದೆ. ಆ ಪಟ್ಟೆಗಳ ಒಡೆಯರಿಗೆ 1925ರಲ್ಲಿ ಅವರು ಕೊಟ್ಟ ಹೆಸರು ಸೈಟೋಕ್ರೋಮ್, ಜೀವಕೋಶದ ಬಣ್ಣ ಅಂತ ಅರ್ಥ. ಜರ್ಮನಿಯ ಓಟೊ ವಾರ್‌ಬರ್ಗ್ ಬೇರೆ ದಾರಿಯಲ್ಲಿ ಇದೇ ಕಿಣ್ವದ ಬೆನ್ನು ಹತ್ತಿದ್ದರು, 1931ರ ನೊಬೆಲ್ ಅವರಿಗೆ ಸಿಕ್ಕಿತು. ಕೀಲಿನ್‌ಗೆ ಸಿಗಲೇ ಇಲ್ಲ, ನನಗಂತೂ ಅದು ಅನ್ಯಾಯ ಅನಿಸುತ್ತದೆ.

ಕಿಣ್ವದ ಆಕಾರ ಕಂಡದ್ದು 1995ರಲ್ಲಿ. ಜಪಾನಿನ ತಂಡ ದನದ ಹೃದಯದ ಕಿಣ್ವವನ್ನು ಹರಳು ಮಾಡಿ ಎಕ್ಸ್-ರೇಯಲ್ಲಿ ನೋಡಿತು, ಅದೇ ವರ್ಷ ಜರ್ಮನಿಯವರು ಒಂದು ಬ್ಯಾಕ್ಟೀರಿಯಾದ್ದನ್ನು ನೋಡಿದರು. ಬ್ಯಾಕ್ಟೀರಿಯಾದಲ್ಲಿ ನಾಲ್ಕೇ ತುಂಡು, ಆದರೆ ನಡುವಿನ ಕಬ್ಬಿಣ ತಾಮ್ರದ ಜಾಗ ಎರಡರಲ್ಲೂ ಒಂದೇ ಥರ.

ಪ್ರಶ್ನೆ: ಮರಗೆಣಸು ಬೇಯಿಸಿದ ಮೊದಲ ನೀರನ್ನು ನಮ್ಮ ಅತ್ತೆ ಚೆಲ್ಲಿಸುತ್ತಾರೆ. ವಿಷ ಅನ್ನುತ್ತಾರೆ. ನಿಜವಾ?
ಗೃಹಿಣಿ, ಪುತ್ತೂರು

ಉತ್ತರ: ನಿಜ, ಅತ್ತೆಯವರು ಹೇಳಿದಂತೆ ಮಾಡಿ. ಮರಗೆಣಸಿನಲ್ಲಿ ಲಿನಮರಿನ್ ಅನ್ನೋ ವಸ್ತು ಇದೆ, ಗೆಡ್ಡೆ ಜಜ್ಜಿ ಹೋದಾಗ ಅದರಿಂದ ಸಯನೈಡ್ ಹುಟ್ಟುತ್ತದೆ. ಸಯನೈಡ್ ಹೋಗಿ ಕೂರುವುದು ಮೇಲೆ ಹೇಳಿದ ಅದೇ ಸಂದಿನಲ್ಲಿ, ಕಬ್ಬಿಣದ ಮೇಲೆ. ಆಗ ರಕ್ತದ ತುಂಬ ಆಕ್ಸಿಜನ್ ಇದ್ದರೂ ಜೀವಕೋಶಕ್ಕೆ ಬಳಸಲು ಆಗುವುದಿಲ್ಲ. ಸಿಪ್ಪೆ ದಪ್ಪಗೆ ತೆಗೆದು, ಸಣ್ಣಗೆ ಹೆಚ್ಚಿ, ನೀರಲ್ಲಿ ನೆನೆಸಿ, ಜಾಸ್ತಿ ನೀರಲ್ಲಿ ಮುಚ್ಚಳ ಹಾಕದೆ ಬೇಯಿಸಿ ಬಸಿದರೆ ಸಾಕು. ಅಳಿದುಳಿದ ಚೂರುಪಾರನ್ನು ದೇಹವೇ ಗಂಧಕ ಸೇರಿಸಿ ಹೊರಗೆ ಹಾಕುತ್ತದೆ.

ಮ್ಯಾನ್‌ಹೋಲ್‌ಗೆ ಇಳಿದವರು ಕ್ಷಣದಲ್ಲಿ ಕುಸಿಯುವುದಕ್ಕೂ ಈ ಕಿಣ್ವಕ್ಕೂ ಸಂಬಂಧ ಇದೆ, ಅಲ್ಲಿನ ಹೈಡ್ರೋಜನ್ ಸಲ್ಫೈಡ್ ಇದನ್ನೇ ಹಿಡಿದು ನಿಲ್ಲಿಸುತ್ತದೆ. 2013ರ ಕಾನೂನು ಇದ್ದೂ ಮನುಷ್ಯರನ್ನು ಇಳಿಸುವವರಿಗೆ ಏನು ಹೇಳುವುದು.

ಇನ್ನೊಂದು: ಸಯನೈಡ್ ವಿಷಕ್ಕೆ ಆಸ್ಪತ್ರೆಯಲ್ಲಿ ಕೊಡುವ ಒಂದು ಮದ್ದು ಹೈಡ್ರಾಕ್ಸೊಕೊಬಾಲಮಿನ್, ಬಿ12ರದೇ ಒಂದು ರೂಪ. ಅದರ ಕೋಬಾಲ್ಟ್ ಸಯನೈಡನ್ನು ಕಚ್ಚಿಕೊಂಡು ಸಯನೊಕೊಬಾಲಮಿನ್ ಆಗಿ ಮೂತ್ರದಲ್ಲಿ ಹೋಗುತ್ತದೆ. ಮನೆಯಲ್ಲಿರುವ ಬಿ12 ಮಾತ್ರೆಯ ಹಾಳೆ ಓದಿ ನೋಡಿ, ಎಷ್ಟೋ ಮಾತ್ರೆಗಳಲ್ಲಿ ಇದೇ ಹೆಸರು ಇರುತ್ತದೆ. ಗಾಬರಿ ಬೇಡ, ಅದರಲ್ಲಿರುವ ಸಯನೈಡ್ ಲೆಕ್ಕಕ್ಕೇ ಬಾರದಷ್ಟು.

ಪ್ರಶ್ನೆ: ಸುಸ್ತಿಗೆ ಕೋಎನ್‌ಜೈಮ್ ಕ್ಯು10 ತಗೊಳ್ಳಿ, ಮೈಟೊಕಾಂಡ್ರಿಯಾ ಚುರುಕಾಗುತ್ತೆ ಅಂತ ಸ್ನೇಹಿತರೊಬ್ಬರು ಹೇಳ್ತಿದ್ದಾರೆ. ತಗೊಳ್ಳಲಾ?
ಓದುಗ, ಬೆಂಗಳೂರು

ಉತ್ತರ: ಕ್ಯು10 ಈ ಕಿಣ್ವಕ್ಕೆ ಎಲೆಕ್ಟ್ರಾನ್ ತಲುಪಿಸುವ ಸಾಲಿನಲ್ಲಿ ಹಿಂದೆ ನಿಂತು ಅದನ್ನು ದಾಟಿಸುವ ವಸ್ತು ಅನ್ನೋದು ಸರಿ. ಆದರೆ ಅದನ್ನು ದೇಹ ತಾನೇ ಮಾಡಿಕೊಳ್ಳುತ್ತದೆ. ಮೊದಲು ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ ನೋಡಿಸಿ. ರಾತ್ರಿ ಎಷ್ಟು ಗಂಟೆಗೆ ಮಲಗುತ್ತೀರಿ ಅಂತ ನೀವು ಬರೆದಿಲ್ಲ.