ಜೀನ್ಸ್ ಹೊಲಿದರೆ ಕೈಗೆ ಅಂಟುವ ನೀಲಿ ವಿಷವೇ?

ಪ್ರಶ್ನೆ: ಬಳ್ಳಾರಿಯ ಕೌಲ್ ಬಜಾರಿನಲ್ಲಿ ಮನೆಯಲ್ಲೇ ಜೀನ್ಸ್ ಹೊಲಿಯುತ್ತೇನೆ. ಸಂಜೆ ಹೊತ್ತಿಗೆ ಬೆರಳೆಲ್ಲ ನೀಲಿ. ನಮ್ಮ ಮನೆಯವರು ವಾಷಿಂಗ್ ಯೂನಿಟ್‌ನಲ್ಲಿದ್ದಾರೆ. ಈ ಬಣ್ಣವನ್ನು ಅನಿಲೀನ್‌ನಿಂದ ಮಾಡ್ತಾರೆ, ಅದು ವಿಷ ಅಂತ ಪಿಯುಸಿ ಓದುವ ಮಗ ಹೇಳಿದ. ಹೆದರಬೇಕಾ?

ಉತ್ತರ: ಮಗ ಹೇಳಿದ್ದು ಸರಿ, ಅನಿಲೀನ್ ವಿಷವೇ. ಆದರೆ ನಿಮ್ಮ ಬೆರಳಿನ ನೀಲಿ ಅನಿಲೀನ್ ಅಲ್ಲ, ಇಂಡಿಗೊ, ಅಂದರೆ ಜೀನ್ಸ್ ನೂಲಿಗೆ ಹಾಕುವ ನೀಲಿ ಬಣ್ಣ.

ಅನಿಲೀನ್ ಎಣ್ಣೆಯಂಥ ದ್ರವ. ಅದಕ್ಕೆ ನೀಲಿ ಬಣ್ಣವೇ ಇಲ್ಲ, ಗಾಳಿ ತಾಗಿದರೆ ಕಂದಾಗುತ್ತದೆ. 1826ರಲ್ಲಿ ಅದು ಮೊದಲು ಸಿಕ್ಕಿದ್ದು ಗಿಡದಿಂದ ತೆಗೆದ ಇಂಡಿಗೊವನ್ನು ಬಟ್ಟಿ ಇಳಿಸಿದಾಗ. ಈಗ ಕೆಲಸ ತಿರುಗಾಮುರುಗಾ ಆಗಿದೆ, ಅನಿಲೀನ್‌ನಿಂದಲೇ ನೀಲಿ ಮಾಡುತ್ತಾರೆ. 1897ರಲ್ಲಿ ಜರ್ಮನಿಯ ಬಿಎಎಸ್ಎಫ್ ಕಂಪನಿ ಕಾರ್ಖಾನೆಯ ನೀಲಿಯನ್ನು ಮಾರುಕಟ್ಟೆಗೆ ತಂದಿತು. ಆಮೇಲೆ ನಮ್ಮ ದೇಶದ ನೀಲಿ ಬೆಳೆ ನೆಲ ಕಚ್ಚಿತು. ಅನಿಲೀನ್‌ನಿಂದ ನೀಲಿ ಮಾಡುವ ಅಗ್ಗದ ದಾರಿ ಸಿಕ್ಕಿದ್ದು 1897 ಆದ ಕೆಲವು ವರ್ಷಗಳಿಗೆ.

ಹಲವು ಹಂತ ದಾಟಿ ಇಂಡಿಗೊ ಆಗುವಷ್ಟರಲ್ಲಿ ಅನಿಲೀನ್ ಬೇರೆಯೇ ವಸ್ತುವಾಗಿರುತ್ತದೆ. ಹಾಗಂತ ಪೂರ್ತಿ ಹೋಗುವುದಿಲ್ಲ. ಸ್ವಲ್ಪ ಬಣ್ಣದ ಕಣಗಳಲ್ಲೇ ಸಿಕ್ಕಿಕೊಂಡು ಬಟ್ಟೆಯವರೆಗೂ ಬರುತ್ತದೆ, ಒಗೆದ ನೀರಿಗೂ ಸೇರುತ್ತದೆ. ಅನಿಲೀನ್ ಉಳಿಯದ ಇಂಡಿಗೊ 2018ರಿಂದ ಸಿಗುತ್ತಿದೆ. ಮಿಲ್ಲಿನವರು ಅದನ್ನೇ ಕೊಳ್ಳಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನಿಮ್ಮ ಕೈಯ ವಿಷಯಕ್ಕೆ ಬರೋಣ. ಇಂಡಿಗೊ ನೂಲಿನ ಒಳಗೆ ಇಳಿಯುವುದಿಲ್ಲ, ಮೇಲ್ಮೈಯಲ್ಲೇ ಕೂರುತ್ತದೆ. ಅದಕ್ಕೇ ಉಜ್ಜಿದರೆ ಕೈಗೆ ಬರುತ್ತದೆ. ನೀರಿನಲ್ಲಿ ಅದು ಕರಗುವುದಿಲ್ಲ. ಊಟಕ್ಕೆ ಮುಂಚೆ ಸೋಪು ಹಚ್ಚಿ ಚೆನ್ನಾಗಿ ತೊಳೆದುಕೊಳ್ಳಿ, ಸಾಕು. ಕಲೆ ಹೋಗಲಿ ಅಂತ ಬ್ಲೀಚ್ ಮಾತ್ರ ಹಚ್ಚಬೇಡಿ, ಚರ್ಮ ಸುಡುತ್ತದೆ.

ನನಗೆ ಜಾಸ್ತಿ ಚಿಂತೆ ಇರುವುದು ನಿಮ್ಮ ಮನೆಯವರದ್ದು. ಅನಿಲೀನ್ ಚರ್ಮದ ಮೂಲಕವೂ ಒಳಗೆ ಹೋಗುತ್ತದೆ, ಅವರ ಕೈಕಾಲು ದಿನವಿಡೀ ಆ ನೀರಲ್ಲಿರುತ್ತದೆ ಅಲ್ವಾ? ರಬ್ಬರ್ ಗ್ಲೌಸ್, ಗಮ್ ಬೂಟು ಬೇಕೇ ಬೇಕು. ಒದ್ದೆ ಬಟ್ಟೆಯಲ್ಲೇ ಮನೆಗೆ ಬರಬಾರದು. ಅನಿಲೀನ್‌ಗಿಂತಲೂ ಹತ್ತಿರದ ಅಪಾಯ ಅಲ್ಲಿನ ಬ್ಲೀಚ್ ಮತ್ತು ಪ್ಯಾಂಟಿನ ಬಣ್ಣ ತಿಳಿಯಾಗಿಸಲು ಸ್ಪ್ರೇ ಮಾಡುವ ಪೊಟ್ಯಾಸಿಯಂ ಪರ್ಮಾಂಗನೇಟ್. ಆ ತುಂತುರು ಉಸಿರಿಗೆ ಹೋಗಬಾರದು. ಮುಖಕ್ಕೆ ಕಟ್ಟುವ ಟವೆಲ್ ಅದನ್ನು ತಡೆಯುವುದಿಲ್ಲ, ಸರಿಯಾದ ಮಾಸ್ಕ್ ಕೇಳಿ ಪಡೆಯಲಿ. ಬ್ಲೀಚ್‌ಗೆ ಆ್ಯಸಿಡ್ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ, ಎರಡನ್ನೂ ದೂರ ದೂರ ಇಡಬೇಕು.

ಅನಿಲೀನ್ ಮೈಗೆ ಜಾಸ್ತಿ ಸೇರಿದರೆ ರಕ್ತಕ್ಕೆ ಆಮ್ಲಜನಕ ಒಯ್ಯಲು ಆಗುವುದಿಲ್ಲ. ತಲೆನೋವು, ತಲೆಸುತ್ತು ಬರುತ್ತದೆ, ತುಟಿ, ಉಗುರು ನೀಲಿಗಟ್ಟುತ್ತವೆ. ಬಣ್ಣ ಹತ್ತಿದ ಉಗುರಿನಲ್ಲಿ ಇದು ಗೊತ್ತಾಗದು, ತುಟಿ ನೋಡಿ. ಹಾಗೇನಾದರೂ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ, ಕೆಮಿಕಲ್ ಡಬ್ಬದ ಲೇಬಲ್ಲಿನ ಫೋಟೊವನ್ನು ಡಾಕ್ಟರಿಗೆ ತೋರಿಸಿ.