ಸೀಟು ಜಾರುಬಂಡೆ ಆಗಿರುವಾಗ ಹ್ಯಾಂಡಲ್‌ಗೆ ಜೆಲ್ ಹಾಕಿ ಏನು ಪ್ರಯೋಜನ?

ದಿನಾ ಸೈಕಲ್ಲಿನಲ್ಲಿ ಆಫೀಸಿಗೆ ಹೋಗುತ್ತೀರಿ, ಅರ್ಧ ಗಂಟೆಗೆಲ್ಲ ಅಂಗೈ ನೋವು, ಬೆರಳಿಗೆ ಜೋಮು. ಸಾವಿರ ರೂಪಾಯಿ ಒಳಗೆ ಯಾವ ಗ್ರಿಪ್ಪು, ಯಾವ ಗ್ಲೌಸು ಒಳ್ಳೆಯದು ಅಂತ ಕೇಳಿದ್ದೀರಿ. ಯಾವುದೂ ಬೇಡ. ಆ ಸಾವಿರ ರೂಪಾಯಿ ಸದ್ಯಕ್ಕೆ ಜೇಬಿನಲ್ಲೇ ಇರಲಿ.

2019ರಲ್ಲಿ ಇದೇ ಪ್ರಶ್ನೆ ಇಟ್ಟುಕೊಂಡು ನಾನು ಸಿಕ್ಕಸಿಕ್ಕವರನ್ನೆಲ್ಲ ಕೇಳಿದ್ದೇನೆ. ಒಬ್ಬೊಬ್ಬರೂ ಒಂದೊಂದು ಸಾಮಾನು ಹೇಳಿದರು, ನಾನೂ ಹೇಳಿದ್ದನ್ನೆಲ್ಲ ಕೊಂಡೆ, ಕೊನೆಗೆ ನನ್ನ ಬಲಗೈ ಕಿರುಬೆರಳು ನನ್ನ ಮಾತು ಕೇಳುವುದನ್ನೇ ಬಿಟ್ಟಿತು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಮೈಸೂರಿನವನು. ಮನೆ ಕುವೆಂಪುನಗರ, ಕೆಲಸ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಅಕೌಂಟ್ಸ್ ವಿಭಾಗದಲ್ಲಿ. ಹೋಗಿ ಬಂದರೆ ಇಪ್ಪತ್ತು ಕಿಲೋಮೀಟರ್ ಹತ್ತಿರ. ಹೊಟ್ಟೆ ಬಂದಿತ್ತು, ಡಾಕ್ಟರು ಶುಗರ್ ಗಡಿಯಲ್ಲಿದೆ ಅಂದಿದ್ದರು, ಒಂದು ಹೈಬ್ರಿಡ್ ಸೈಕಲ್ ತಗೊಂಡೆ. ನೇರ ಹ್ಯಾಂಡಲ್, 700x35 ಅಳತೆಯ ಟೈರು, ನಿಮ್ಮದೂ ಹೆಚ್ಚುಕಡಿಮೆ ಅದೇ ಥರದ್ದು ಇರಬೇಕು. ಭಾನುವಾರ ಚಾಮುಂಡಿ ಬೆಟ್ಟ, ಇಲ್ಲದಿದ್ದರೆ ಶ್ರೀರಂಗಪಟ್ಟಣ.

ಈಗ ತಪ್ಪಿನ ಕಥೆ. ಇದನ್ನು ಬಿಡಿಸಿ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮಾಡುವಾಗ ಇದು ತಪ್ಪು ಅಂತ ಅನ್ನಿಸುವುದೇ ಇಲ್ಲ.

ಎಲ್ಲೋ ಒಂದು ವಿಡಿಯೋದಲ್ಲಿ ಸೀಟು ಎತ್ತರ ಇದ್ದಷ್ಟೂ ಸ್ಪೀಡು ಅಂತ ನೋಡಿ ಸೀಟನ್ನು ಎತ್ತರಿಸಿದ್ದೆ. ಅದು ನನ್ನ ಕಾಲಿಗೆ ಎರಡು ಸೆಂಟಿಮೀಟರ್ ಜಾಸ್ತಿ ಆಗಿತ್ತು ಅಂತ ಆಮೇಲೆ ಗೊತ್ತಾಯಿತು. ಎತ್ತರ ಜಾಸ್ತಿ ಆದಾಗ ಪೆಡಲ್ ತಲುಪಲು ಸೊಂಟ ಅತ್ತಿತ್ತ ಕುಲುಕುತ್ತದೆ, ಸೀಟಿನ ಮೂತಿ ಮುಂದೆ, ಹೇಳಬಾರದ ಜಾಗಕ್ಕೆ ಒತ್ತುತ್ತದೆ. ನೋವು. ಪರಿಹಾರ ಅಂತ ನಾನು ಮಾಡಿದ್ದೇನು? ಸೀಟು ಇಳಿಸಲಿಲ್ಲ. ಅಲೆನ್ ಕೀ, ಅಂದರೆ ಬೋಲ್ಟ್ ತಿರುಗಿಸುವ ಆರು ಮೂಲೆಯ ಬಾಗಿದ ಕಡ್ಡಿ, ತಗೊಂಡು ಸೀಟಿನ ಮೂತಿಯನ್ನು ಕೆಳಗೆ ಬಗ್ಗಿಸಿದೆ. ಒಂದೇ ಒಂದು ಚೂರು. ನೋವು ಮಾಯ! ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ. ಎರಡು ವಾರ ಬಿಟ್ಟು ಇನ್ನೊಂದು ಚೂರು ಬಗ್ಗಿಸಿದೆ.

ಮೂತಿ ಕೆಳಗಾದರೆ ಏನಾಗುತ್ತದೆ ನೋಡಿ. ಪೆಡಲ್ ತುಳಿದ ಹಾಗೆಲ್ಲ ನೀವು ಕೂದಲೆಳೆಯಷ್ಟು ಮುಂದಕ್ಕೆ ಜಾರುತ್ತೀರಿ. ಜಾರುವುದು ಗೊತ್ತೇ ಆಗುವುದಿಲ್ಲ, ಯಾಕೆಂದರೆ ಅದನ್ನು ನಿಮ್ಮ ಕೈ ತಡೆಯುತ್ತಿರುತ್ತದೆ. ಮೊಣಕೈ ನೆಟ್ಟಗೆ ಬಿಗಿದು, ಭುಜ ಕಿವಿಯ ಹತ್ತಿರ ಬಂದು, ಮೈ ಭಾರವೆಲ್ಲ ಅಂಗೈಯ ಬುಡದ ಮೇಲೆ. ಇಳಿಜಾರಿನಲ್ಲಿ ತಳ್ಳುಗಾಡಿ ಕೆಳಗೆ ಹೋಗದ ಹಾಗೆ ಕೈಯಲ್ಲಿ ತಡೆದು ನಿಂತಿರುವ ಹಾಗೆ ಅದು. ಒಂದು ನಿಮಿಷ ಪರವಾಗಿಲ್ಲ, ದಿನಾ ಒಂದು ಗಂಟೆ? ಅದರ ಮೇಲೆ ನಮ್ಮ ರಸ್ತೆಯ ಹಂಪುಗಳು. ಮೊಣಕೈ ಮಡಚಿದ್ದರೆ ಅದೇ ಸ್ಪ್ರಿಂಗ್ ಥರ ಏಟು ತಿನ್ನುತ್ತದೆ. ನೆಟ್ಟಗಿದ್ದರೆ ಏಟು ಸೀದಾ ಅಂಗೈಗೆ.

ಒಂದು ತಿಂಗಳಲ್ಲಿ ಜೋಮು ಶುರುವಾಯಿತು. ಕಿರುಬೆರಳು, ಮತ್ತೆ ಉಂಗುರ ಬೆರಳಿನಲ್ಲಿ ಕಿರುಬೆರಳಿನ ಕಡೆಯ ಅರ್ಧ. ಇಲ್ಲಿ ನಿಲ್ಲಿಸಿ ನಿಮಗೆ ಒಂದು ಪ್ರಶ್ನೆ. ನಿಮಗೆ ಜೋಮು ಹಿಡಿಯುವುದು ಯಾವ ಬೆರಳು? ಬರೀ ಬೆರಳು ಅಂತ ಬರೆದಿದ್ದೀರಿ. ಕಿರುಬೆರಳಿನ ಕಡೆ ಆದರೆ ಅಲ್ನಾರ್ ನರ. ಮೊಣಕೈ ಬಾಗಿಲಿಗೆ ತಗುಲಿದಾಗ ಕರೆಂಟ್ ಹೊಡೆದ ಹಾಗೆ ಆಗುತ್ತದಲ್ಲ, ಅದೇ ನರ. ಅಂಗೈಯ ಬುಡದಲ್ಲಿ, ಕಿರುಬೆರಳಿನ ಕಡೆ, ಎರಡು ಸಣ್ಣ ಮೂಳೆಗಳ ನಡುವಿನ ಇಕ್ಕಟ್ಟಿನ ದಾರಿಯಲ್ಲಿ ಅದು ಹಾದುಹೋಗುತ್ತದೆ. 1861ರಲ್ಲಿ ಗಯಾನ್ ಅನ್ನುವ ಫ್ರಾನ್ಸಿನ ಸರ್ಜನ್ ಆ ದಾರಿಯನ್ನು ವಿವರಿಸಿದ್ದರಿಂದ ಇವತ್ತಿಗೂ ಅದಕ್ಕೆ ಅವರದೇ ಹೆಸರು. ಹ್ಯಾಂಡಲ್ ಸರಿಯಾಗಿ ಅಲ್ಲೇ ಕೂರುತ್ತದೆ. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಜೋಮು ಹಿಡಿದರೆ ಅದು ಬೇರೆ ನರ, ಮೀಡಿಯನ್. ಮಣಿಕಟ್ಟು ಹಿಂದಕ್ಕೆ ಮಡಚಿಕೊಂಡು ಓಡಿಸುವವರಿಗೆ ಅದು ಜಾಸ್ತಿ.

ನನಗೆ ಆಗ ಇದ್ಯಾವುದೂ ಗೊತ್ತಿರಲಿಲ್ಲ. ಕೈ ನೋಯುತ್ತದೆ, ಕೈ ಇರುವುದು ಹ್ಯಾಂಡಲ್ ಮೇಲೆ, ಹಾಗಾದರೆ ತಪ್ಪು ಹ್ಯಾಂಡಲ್‌ದು. ಸರಳ ಲೆಕ್ಕ, ನೀವು ಈಗ ಹಾಕುತ್ತಿರುವ ಲೆಕ್ಕ. 650 ರೂಪಾಯಿಗೆ ಜೆಲ್ ಗ್ಲೌಸ್ ತಗೊಂಡೆ. ಅದರ ಜೆಲ್ ಗಡ್ಡೆ ಕರೆಕ್ಟಾಗಿ ಆ ನರದ ಮೇಲೆ ಬಂದು ಕೂತಿತು. ಮೆತ್ತನೆ ಗಡ್ಡೆಯಾದರೂ ಗಡ್ಡೆ ಗಡ್ಡೆಯೇ. 400 ರೂಪಾಯಿಗೆ ದಪ್ಪ ಸ್ಪಂಜಿನ ಗ್ರಿಪ್. ದಪ್ಪ ಜಾಸ್ತಿ ಆದರೆ ಬೆರಳು ಪೂರ್ತಿ ಸುತ್ತುವುದಿಲ್ಲ, ಇನ್ನೂ ಬಿಗಿಯಾಗಿ ಹಿಡಿಯಬೇಕಾಗುತ್ತದೆ, ಕೈ ಇನ್ನೂ ಬೇಗ ಸೋಲುತ್ತದೆ. 350 ರೂಪಾಯಿಗೆ ಜೆಲ್ ಸೀಟ್ ಕವರ್, ಅದರ ಬಟ್ಟೆ ನುಣುಪು, ಜಾರುವುದು ಇನ್ನೂ ಸಲೀಸು. ಆ ಸೀಟ್ ಕವರ್ ಈಗ ನಮ್ಮ ಮನೆಯ ತುರಿಮಣೆ ಮೇಲಿದೆ. ಅಮ್ಮ ಅದರ ಮೇಲೆ ಕೂತು ಕಾಯಿ ತುರಿಯುತ್ತಾರೆ. ಅಳತೆ ಮಾಡಿ ಹೊಲಿಸಿದ ಹಾಗೆ ಕೂತಿದೆ, ಸುಳ್ಳಲ್ಲ.

ಇಷ್ಟಾದರೂ ಸೈಕಲ್ ಬಿಡಲಿಲ್ಲ. ಡಿಸೆಂಬರಿನಲ್ಲಿ ಮೂರು ಜನ ಸ್ನೇಹಿತರ ಜೊತೆ ಮೇಲುಕೋಟೆಗೆ ಹೊರಟೆ. ಶ್ರೀರಂಗಪಟ್ಟಣ, ಪಾಂಡವಪುರ, ಜಕ್ಕನಹಳ್ಳಿ, ಹೋಗಿ ಬರಲು ನೂರು ಕಿಲೋಮೀಟರ್ ಹತ್ತಿರ. ಪಾಂಡವಪುರ ದಾಟುವಷ್ಟರಲ್ಲೇ ಬಲಗೈ ಅರ್ಧ ಸತ್ತಿತ್ತು. ಕೈ ಒದರುವುದು, ಮತ್ತೆ ಹಿಡಿಯುವುದು, ಒದರುವುದು, ಹಿಡಿಯುವುದು. ಮೇಲುಕೋಟೆಯಲ್ಲಿ ಪುಳಿಯೋಗರೆ ತಿನ್ನುವಾಗ ಕಿರುಬೆರಳು ತಟ್ಟೆಯಿಂದ ದೂರ ಸೆಟೆದು ನಿಂತಿತ್ತು, ಸ್ನೇಹಿತರು ರಾಣಿ ಟೀ ಕುಡಿದ ಹಾಗಿದೆ ಅಂತ ನಕ್ಕರು, ನಾನೂ ನಕ್ಕೆ.

ಮಾರನೇ ದಿನ ಬೆಳಗ್ಗೆ ಪ್ಯಾಂಟಿನ ಜೇಬಿಗೆ ಕೈ ಹಾಕಿದೆ. ನಾಲ್ಕು ಬೆರಳು ಒಳಗೆ ಹೋದವು, ಕಿರುಬೆರಳು ಜೇಬಿನ ಹೊರಗೇ ಸಿಕ್ಕಿಕೊಂಡಿತು. ಮತ್ತೆ ಹಾಕಿದೆ. ಮತ್ತೆ ಹೊರಗೆ. ಪಕ್ಕದ ಬೆರಳಿಗೆ ಅಂಟಿಸಿಕೋ ಅಂತ ಮನಸ್ಸಿನಲ್ಲೇ ಹೇಳಿದರೂ ಅದು ಬರಲಿಲ್ಲ, ಎಡಗೈಯಿಂದ ಹಿಡಿದು ಒಳಗೆ ತುರುಕಬೇಕಾಯಿತು. ಆಗ ಹೆದರಿಕೆ ಆಯಿತು. ಆಫೀಸಿನಲ್ಲಿ ಎಂಟರ್ ಕೀ ಒತ್ತುವುದು ಅದೇ ಬೆರಳು. ಲೆಡ್ಜರಿನ ಒಂದೊಂದು ಸಾಲಿಗೂ ತೋರುಬೆರಳು ಅಲ್ಲಿಗೆ ಓಡಬೇಕು.

ನರರೋಗದ ಡಾಕ್ಟರು ಒಂದು ಹಾಳೆ ಕೊಟ್ಟರು. ಹೆಬ್ಬೆರಳಿಗೂ ತೋರುಬೆರಳಿನ ಪಕ್ಕಕ್ಕೂ ನಡುವೆ ಇಟ್ಟು ಗಟ್ಟಿಯಾಗಿ ಹಿಡಿಯಿರಿ, ನಾನು ಎಳೆಯುತ್ತೇನೆ ಅಂದರು. ನನ್ನ ಎಡಗೈಯಲ್ಲಿ ಹಿಡಿದಿದ್ದನ್ನು ಅವರು ಎಳೆದಾಗ ಹಾಳೆ ಹರಿಯುವ ಹಾಗಿತ್ತು. ಬಲಗೈಯಲ್ಲಿ ಹಿಡಿದಾಗ ಸುಮ್ನೆ ಬಂದುಬಿಟ್ಟಿತು, ಹಿಡಿಯಲು ಒದ್ದಾಡಿದ ಹೆಬ್ಬೆರಳಿನ ತುದಿ ಕೊಕ್ಕೆಯ ಹಾಗೆ ಮಡಚಿತು. "ಸೈಕಲ್ ಹೊಡೀತೀರಾ?" ಅಂತ ಅವರೇ ಕೇಳಿದರು. ನಾನು ಹೇಳಿಯೇ ಇರಲಿಲ್ಲ. ಇದು ಸೈಕಲ್ ಹೊಡೆಯುವವರಿಗೆ ಬರುವ ಹಳೆಯ ಕಾಯಿಲೆಯಂತೆ. ಸಣ್ಣ ಸಣ್ಣ ಶಾಕ್ ಕೊಟ್ಟು ನರದ ಪರೀಕ್ಷೆ ಮಾಡಿಸಿದರು, ಆರು ವಾರ ಸೈಕಲ್ ಮುಟ್ಟಬೇಡಿ ಅಂದರು. ಬೆರಳು ಪೂರ್ತಿ ಸರಿಹೋಗಲು ಮೂರೂವರೆ ತಿಂಗಳು ಬೇಕಾಯಿತು. ನರಕ್ಕೆ ಪೆಟ್ಟು ಬಿದ್ದರೆ ಅದು ತನ್ನ ಟೈಮ್ ತಗೊಳ್ಳುತ್ತದೆ, ಅವಸರ ಮಾಡಿಸಲು ಆಗುವುದಿಲ್ಲ.

ಆದರೆ ಕಾರಣ ಕಂಡುಹಿಡಿದಿದ್ದು ಡಾಕ್ಟರಲ್ಲ, ನಮ್ಮ ಬೀದಿಯ ಕೊನೆಯಲ್ಲಿ ಪಂಕ್ಚರ್ ಹಾಕುವ ಯಜಮಾನರು. ಧೂಳು ಹಿಡಿದ ಸೈಕಲ್ಲನ್ನು ಗಾಳಿ ತುಂಬಿಸಲು ತಳ್ಳಿಕೊಂಡು ಹೋಗಿದ್ದೆ. ಅವರು ಅದನ್ನು ಗೋಡೆಗೆ ಒರಗಿಸಿ, ನಾಲ್ಕು ಹೆಜ್ಜೆ ಹಿಂದೆ ಹೋಗಿ, ಪಕ್ಕದಿಂದ ನೋಡಿ, "ಏನ್ ಸ್ವಾಮಿ, ಸೀಟನ್ನ ಜಾರುಬಂಡೆ ಮಾಡ್ಕೊಂಡಿದ್ದೀರಲ್ಲ, ಕೈ ನೋಯಲ್ವಾ?" ಅಂದರು. ನಾನು ಮೂರು ತಿಂಗಳು ಆ ಸೈಕಲ್ ಮೇಲೆ ಕೂತಿದ್ದೆ. ಒಂದು ದಿನವೂ ಅದನ್ನು ಪಕ್ಕದಿಂದ ನೋಡಿರಲಿಲ್ಲ.

ಮನೆಗೆ ಬಂದು ಅಳತೆ ಮಾಡಿದೆ. ಮಗಳ ಪರೀಕ್ಷೆ ಬರೆಯುವ ಪ್ಯಾಡನ್ನು ಸೀಟಿನ ಉದ್ದಕ್ಕೆ ಇಟ್ಟು, ಅದರ ಮೇಲೆ ಫೋನ್ ಇಟ್ಟು, ಮಟ್ಟ ನೋಡುವ ಆ್ಯಪ್ ತೆರೆದೆ. 8 ಡಿಗ್ರಿ ಅಂತ ತೋರಿಸಿತು. ಇಲ್ಲಿ ಒಂದು ಎಚ್ಚರಿಕೆ: ನಮ್ಮಲ್ಲಿ ಪಾರ್ಕಿಂಗ್ ನೆಲವನ್ನು ನೀರು ಹೋಗಲಿ ಅಂತ ಗೇಟಿನ ಕಡೆಗೆ ಇಳಿಜಾರು ಮಾಡಿರುತ್ತಾರೆ. ಮೊದಲು ನೆಲ ಅಳೆಯಿರಿ. ನಮ್ಮ ನೆಲವೇ ಮುಂದಿನ ಚಕ್ರದ ಕಡೆಗೆ 2 ಡಿಗ್ರಿ ಇಳಿದಿತ್ತು, ಅಂದರೆ ಸೀಟಿನದ್ದು 6. ಕೇಳಲು ಕಡಿಮೆ, ಕೂತರೆ ಜಾರುಬಂಡೆಯೇ.

ನೀವು ಮಾಡಬೇಕಾದ್ದೂ ಇದೇ ಕೆಲಸ, ಇದೇ ಕ್ರಮದಲ್ಲಿ. ಮೊದಲು ಸೀಟಿನ ಎತ್ತರ. ಗೋಡೆ ಹಿಡಿದು ಕೂತು ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಪೂರ್ತಿ ಕೆಳಗೆ ತನ್ನಿ, ಕಾಲು ನೆಟ್ಟಗಾಗಬೇಕು, ಸೊಂಟ ಒಂದು ಕಡೆ ವಾಲಬಾರದು. ಆಮೇಲೆ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ತಾನಾಗಿಯೇ ಸ್ವಲ್ಪ ಮಡಚಿರುತ್ತದೆ. ಎತ್ತರ ಸರಿಯಾದ ಮೇಲೆ ಸೀಟನ್ನು ಮಟ್ಟ ಮಾಡಿ. ಆಮೇಲೆ ಸೀಟನ್ನು ಒಂದು ಬೆರಳಿನಷ್ಟು ಹಿಂದಕ್ಕೆ ಸರಿಸಿ ನೋಡಿ. ಹೌದು, ಹಿಂದಕ್ಕೆ. ಹ್ಯಾಂಡಲ್ ಇನ್ನೂ ದೂರ ಆಗುತ್ತದಲ್ಲ ಅಂತ ಅನ್ನಿಸುತ್ತದೆ, ನಾನೂ ಹತ್ತಿರ ಆಗಲಿ ಅಂತ ಮುಂದಕ್ಕೇ ತಳ್ಳಿದ್ದೆ. ಆದರೆ ಕುರ್ಚಿಯಿಂದ ಏಳುವಾಗ ಏನು ಮಾಡುತ್ತೀರಿ ನೆನಪಿಸಿಕೊಳ್ಳಿ: ತಲೆ ಮುಂದೆ ಬಂದರೆ ಕುಂಡಿ ಹಿಂದಿರಬೇಕು, ಆಗಲೇ ಭಾರ ಕಾಲಿನ ಮೇಲೆ ನಿಲ್ಲುತ್ತದೆ, ಕೈ ಊರಬೇಕಾಗಿಲ್ಲ. ಸೈಕಲ್ಲಿನಲ್ಲೂ ಅಷ್ಟೇ.

ಸರಿಯಾಗಿದೆಯಾ ಅಂತ ಪರೀಕ್ಷೆ ಮಾಡಲು ಬೆಳಗ್ಗೆ ಖಾಲಿ ರಸ್ತೆಯಲ್ಲಿ, ಸಮನಾದ ಜಾಗದಲ್ಲಿ, ತುಳಿಯುತ್ತಲೇ ಎರಡೂ ಕೈಯನ್ನು ಹ್ಯಾಂಡಲ್‌ನಿಂದ ಒಂದು ಅಂಗುಲ ಎತ್ತಿ. ಬರೀ ಒಂದು ಕ್ಷಣ, ಸರ್ಕಸ್ ಬೇಡ. ಮುಂದಕ್ಕೆ ಬೀಳುವ ಹಾಗಾದರೆ ನಿಮ್ಮ ಭಾರ ಇನ್ನೂ ಕೈ ಮೇಲೇ ಇದೆ.

ನಮ್ಮ ಅಪ್ಪನ ಹತ್ತಿರ ಕಪ್ಪು ಅಟ್ಲಾಸ್ ಸೈಕಲ್ ಇತ್ತು. ಹ್ಯಾಂಡಲ್ ಮೈ ಕಡೆಗೆ ಬಾಗಿದ್ದು, ಗ್ರಿಪ್ ಬರೀ ಗಟ್ಟಿ ಪ್ಲಾಸ್ಟಿಕ್. ಮುಂದೆ ನಾನು, ಹಿಂದೆ ಅಕ್ಕಿ ಮೂಟೆ. ಕೈ ಜೋಮು ಹಿಡಿಯಿತು ಅಂತ ಅವರು ಒಂದು ದಿನವೂ ಅಂದಿದ್ದು ಕೇಳಿಲ್ಲ. ಜೆಲ್ ಇರಲಿಲ್ಲ, ಆದರೆ ನೆಟ್ಟಗೆ ಕೂರುತ್ತಿದ್ದರು, ಕೈಯ ಕೆಲಸ ತಿರುಗಿಸುವುದು ಮತ್ತು ಬೆಲ್ ಹೊಡೆಯುವುದು ಅಷ್ಟೇ.

ಹ್ಯಾಂಡಲ್‌ನಲ್ಲಿ ಮಾಡುವಂಥದ್ದು ಏನೂ ಇಲ್ಲ ಅಂತಲ್ಲ. ಬ್ರೇಕ್ ಲಿವರ್ ತಿರುಗಿಸಿ, ಅದಕ್ಕೆ ದುಡ್ಡು ಬೇಡ. ಸೈಕಲ್ ಮೇಲೆ ಕೂತು ಕೈ ಚಾಚಿ, ಮೊಣಕೈಯಿಂದ ಬೆರಳಿನ ತುದಿಯವರೆಗೆ ಒಂದೇ ಗೆರೆ ಇರಬೇಕು, ಲಿವರ್ ಆ ಗೆರೆಯಲ್ಲಿ ಸಿಗಬೇಕು. ನನ್ನದು ಹೆಚ್ಚುಕಡಿಮೆ ಅಡ್ಡಕ್ಕೆ ಮಲಗಿತ್ತು, ಚಾಮುಂಡಿ ಬೆಟ್ಟ ಇಳಿಯುವಾಗ ಪ್ರತಿ ತಿರುವಿಗೂ ಮಣಿಕಟ್ಟು ಹಿಂದಕ್ಕೆ ಮಡಚುತ್ತಿತ್ತು. ಟೈರಿನ ಗಾಳಿಯೂ ನೋಡಿ. ಟೈರಿನ ಪಕ್ಕದಲ್ಲಿ ಬರೆದಿದ್ದ ಗರಿಷ್ಠ ಅಂಕಿ 75 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ), ನಾನು ಅಷ್ಟೂ ತುಂಬಿಸುತ್ತಿದ್ದೆ. ಈಗ ಮುಂದಿನದಕ್ಕೆ 50, ಹಿಂದಿನದಕ್ಕೆ 55. ನನ್ನ ತೂಕ 72 ಕಿಲೋ. ರಸ್ತೆಯ ನಡುಕ ಅರ್ಧಕ್ಕರ್ಧ ಹೋದ ಹಾಗನ್ನಿಸಿತು, ಪಂಕ್ಚರ್ ಏನೂ ಜಾಸ್ತಿ ಆಗಿಲ್ಲ.

ಮುಂದೆ ಸಸ್ಪೆನ್ಶನ್ ಇರುವ ಸೈಕಲ್ ತಗೊಳ್ಳಿ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಬೇಡ. ಕಡಿಮೆ ಬೆಲೆಯ ಸಸ್ಪೆನ್ಶನ್ ಅಂದರೆ ಎರಡು ಕಿಲೋ ಕಬ್ಬಿಣ.

ಇಷ್ಟೆಲ್ಲ ಮಾಡಿ, ಎರಡು ವಾರ ಓಡಿಸಿ, ಆಗಲೂ ನೋವಿದ್ದರೆ ಮಾತ್ರ ಅಂಗೈಗೆ ಹಲಗೆಯ ಹಾಗೆ ಅಗಲ ಇರುವ, ಬೋಲ್ಟ್ ಹಾಕಿ ಬಿಗಿಯುವ ಗ್ರಿಪ್ ತಗೊಳ್ಳಿ. ಭಾರವನ್ನು ಇಡೀ ಅಂಗೈಗೆ ಹಂಚುತ್ತದೆ, ನಾನೂ ಈಗ ಅದನ್ನೇ ಬಳಸುತ್ತೇನೆ. ಬೋಲ್ಟ್ ಇಲ್ಲದ್ದು ತಗೊಂಡರೆ ಮಳೆಗಾಲದಲ್ಲಿ ಅದು ತಿರುಗಿಹೋಗಿ ಹಲಗೆ ಎಲ್ಲೋ, ಕೈ ಎಲ್ಲೋ.

ಇನ್ನೊಂದು ಮಾತು. ಸೈಕಲ್ ಇಳಿದು ಹತ್ತು ನಿಮಿಷದಲ್ಲಿ ಜೋಮು ಹೋದರೆ ಮೇಲೆ ಹೇಳಿದ್ದನ್ನೆಲ್ಲ ಮಾಡಿ. ರಾತ್ರಿಯೂ ಜೋಮು ಇದ್ದರೆ, ಅಥವಾ ಶರ್ಟಿನ ಗುಂಡಿ ಹಾಕಲು ಬೆರಳು ತಡವರಿಸುತ್ತಿದ್ದರೆ, ನಾಳೆಯಿಂದ ಬಸ್ಸಿನಲ್ಲಿ ಹೋಗಿ, ಡಾಕ್ಟರಿಗೆ ತೋರಿಸಿ. ಆಗ ಅಲೆನ್ ಕೀ ಹಿಡಿದು ಕೂರಬೇಡಿ.

ಇವತ್ತು ಸಂಜೆ ಸೈಕಲ್ಲನ್ನು ಗೋಡೆಗೆ ಒರಗಿಸಿ ಪಕ್ಕದಿಂದ ಒಂದು ಫೋಟೋ ತೆಗೆದು ಇಲ್ಲಿ ಹಾಕಿ, ಚಕ್ರ ಎರಡೂ ಪೂರ್ತಿ ಕಾಣಬೇಕು. ಯಾವ ಬೆರಳು ಅನ್ನುವುದನ್ನೂ ಬರೆಯಿರಿ.