ಎಲೆಕ್ಟ್ರಾನ್ ಏಕೆ ಬೀಳುವುದಿಲ್ಲ?

ಮಾನ್ಯರೇ,

ಪರಮಾಣುವಿನೊಳಗೆ ಪ್ರೋಟಾನ್ ಮತ್ತು ಎಲೆಕ್ಟ್ರಾನ್‌ಗಳ ಸಂಬಂಧವನ್ನು ಕುರಿತ ನಿಮ್ಮ ಲೇಖನ ತಲುಪಿತು. ಭಾಷೆ ತಿಳಿಯಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಎರಡು ವಾಕ್ಯಗಳು ನನ್ನನ್ನು ರೇಗಿಸಿವೆ. ಅವುಗಳ ಬಗ್ಗೆ ಮಾತ್ರ ಬರೆಯುತ್ತೇನೆ.

‘ಪ್ರತಿ ಪರಮಾಣುವಿನಲ್ಲೂ ಇವೆರಡರ ಸಂಖ್ಯೆ ಸದಾ ಸಮನಾಗಿರುತ್ತದೆ’ ಎಂದಿದ್ದೀರಿ. ಉಪ್ಪಿನ ಹರಳನ್ನೇ ನೋಡಿ. ಅಲ್ಲಿ ಪ್ರತಿ ಸೋಡಿಯಂನಲ್ಲಿ 11 ಪ್ರೋಟಾನ್, 10 ಎಲೆಕ್ಟ್ರಾನ್; ಪ್ರತಿ ಕ್ಲೋರಿನ್‌ನಲ್ಲಿ 17 ಪ್ರೋಟಾನ್, 18 ಎಲೆಕ್ಟ್ರಾನ್. ಈ ಏರುಪೇರಿನಿಂದಲೇ ಹರಳು ಗಟ್ಟಿಯಾಗಿ ನಿಂತಿದೆ. ಎಲೆಕ್ಟ್ರಾನ್ ಕಳೆದುಕೊಂಡ ಸೋಡಿಯಂ ಸೋಡಿಯಂ ಆಗಿಯೇ ಉಳಿಯುತ್ತದೆ. ಒಂದು ಪ್ರೋಟಾನ್ ಹೆಚ್ಚಿದರೆ ಅದು ಮೆಗ್ನೀಸಿಯಂ. ನಿಜಕ್ಕೂ ಸಮನಾಗಿರುವುದು ಒಂದು ಪ್ರೋಟಾನಿನ ಮತ್ತು ಒಂದು ಎಲೆಕ್ಟ್ರಾನಿನ ವಿದ್ಯುದಂಶದ (ಚಾರ್ಜ್) ಪ್ರಮಾಣ. ಎಲೆಕ್ಟ್ರಾನಿಗಿಂತ ಸುಮಾರು 1836 ಪಟ್ಟು ಭಾರವಾದ ಕಣ ಅದಕ್ಕೆ ಸರಿಸಮನಾದ, ವಿರುದ್ಧ ಚಿಹ್ನೆಯ ವಿದ್ಯುದಂಶವನ್ನು ಹೊತ್ತಿದೆ! ಈ ಅಚ್ಚರಿಗೆ ನಿಮ್ಮ ಲೇಖನದಲ್ಲಿ ಒಂದು ಸಾಲೂ ಇಲ್ಲ.

ಇನ್ನೊಂದು ವಾಕ್ಯ: ‘ಗ್ರಹಗಳು ಸೂರ್ಯನನ್ನು ಸುತ್ತುವಂತೆ ಸುತ್ತುತ್ತಿರುವುದರಿಂದ ಎಲೆಕ್ಟ್ರಾನ್ ಪ್ರೋಟಾನಿನ ಮೇಲೆ ಬೀಳುವುದಿಲ್ಲ.’ ನಾನು ಕೆಲಸ ಕಲಿಯುತ್ತಿದ್ದಾಗ ನಮ್ಮ ಹಿರಿಯ ಸಂಪಾದಕರು ವಿಜ್ಞಾನ ಲೇಖನಗಳ ಅಂಚಿನಲ್ಲಿ ಕೆಂಪು ಶಾಯಿಯಿಂದ ‘ಎಷ್ಟು ಹೊತ್ತು?’ ‘ಎಷ್ಟು ದೂರ?’ ಎಂದು ಬರೆದು ಹಿಂದಿರುಗಿಸುತ್ತಿದ್ದರು. ಉತ್ತರ ಹುಡುಕಿ ತರುವವರೆಗೆ ಲೇಖನ ಅವರ ಮೇಜಿನಿಂದ ಅಲುಗಾಡುತ್ತಿರಲಿಲ್ಲ. ಅಂಚಿನ ಆ ಪ್ರಶ್ನೆಯನ್ನು ಇಲ್ಲಿಯೂ ಕೇಳೋಣ. ಸುತ್ತುವ ವಿದ್ಯುದಂಶ ಬೆಳಕನ್ನು ಸೂಸಿ ಶಕ್ತಿ ಕಳೆದುಕೊಳ್ಳಬೇಕು ಎನ್ನುತ್ತದೆ ಹಳೆಯ ಭೌತಶಾಸ್ತ್ರ. ಆ ಲೆಕ್ಕದಲ್ಲಿ ಹೈಡ್ರೋಜನ್ನಿನ ಎಲೆಕ್ಟ್ರಾನ್ ಒಂದು ಸೆಕೆಂಡಿನ ಹತ್ತು ಸಾವಿರ ಕೋಟಿ ಭಾಗಗಳಲ್ಲಿ ಒಂದೆರಡು ಭಾಗ ಕಳೆಯುವಷ್ಟರಲ್ಲಿ ಪ್ರೋಟಾನಿಗೆ ಬಂದು ಬೀಳಬೇಕಿತ್ತು. 1911ರಲ್ಲಿ ಭೌತವಿಜ್ಞಾನಿ ರುದರ್‌ಫೋರ್ಡ್ ಪರಮಾಣುವಿನ ನಡುವೆ ಪುಟ್ಟ, ಭಾರವಾದ ಬೀಜಕೇಂದ್ರವಿದೆ ಎಂದು ತೋರಿಸಿದ ಮೇಲೆ ವಿಜ್ಞಾನಿಗಳನ್ನು ಕಾಡಿದ್ದು ಇದೇ ತೊಡಕು. 1913ರಲ್ಲಿ ಭೌತವಿಜ್ಞಾನಿ ಬೋರ್ ಕೆಲವು ಕಕ್ಷೆಗಳಿಗೆ ಮಾತ್ರ ಅನುಮತಿ ಎಂದು ವಿಧಿಸಿದರು; ಏಕೆ ಎಂಬುದು ಆಗಲೂ ಬಗೆಹರಿಯಲಿಲ್ಲ.

ಉತ್ತರ ಬಂದದ್ದು ಪರಮಾಣುವಿನಷ್ಟು ಕಿರಿದಾದವುಗಳ ನಡವಳಿಕೆಯನ್ನು ವಿವರಿಸುವ ಕ್ವಾಂಟಂ ಸಿದ್ಧಾಂತದಿಂದ. ಎಲೆಕ್ಟ್ರಾನನ್ನು ಕಿರಿದಾದ ಜಾಗಕ್ಕೆ ಒತ್ತಿದಷ್ಟೂ ಅದರ ಚಲನಶಕ್ತಿ ಏರುತ್ತದೆ. ಪ್ರೋಟಾನ್ ಹತ್ತಿರಕ್ಕೆ ಎಳೆದಷ್ಟೂ ಸ್ಥಿತಿಶಕ್ತಿ ಇಳಿಯುತ್ತದೆ. ಎರಡೂ ಸೇರಿ ಒಟ್ಟು ಶಕ್ತಿ ಕನಿಷ್ಠವಾಗುವುದು ಸುಮಾರು 0.053 ನ್ಯಾನೋಮೀಟರ್ ಅಳತೆಯಲ್ಲಿ. ಅದಕ್ಕಿಂತ ಒಳಗೆ ಒತ್ತಲು ಹೊರಗಿನಿಂದ ಶಕ್ತಿ ಕೊಡಬೇಕು. ಪೂರ್ತಿ ಬಿಡಿಸಿಕೊಂಡು ಹೋಗಲು 13.6 ಎಲೆಕ್ಟ್ರಾನ್‌ವೋಲ್ಟ್ (ಕಣಗಳ ಶಕ್ತಿಯನ್ನು ಅಳೆಯುವ ಪುಟ್ಟ ಮಾನ) ಬೇಕು. ನೀವು ‘ಸಂಬಂಧ’ ಎಂದು ಶೀರ್ಷಿಕೆಯಲ್ಲಿಟ್ಟದ್ದು ಈ ಜಗ್ಗಾಟವನ್ನೇ ಅಲ್ಲವೇ? ಅದನ್ನು ಒಂದು ಉಪಮೆಯಲ್ಲಿ ಮುಗಿಸಿಬಿಟ್ಟರೆ ಓದುಗರ ಕೈಗೆ ಏನು ಸಿಕ್ಕಿತು?

ಲೇಖನವನ್ನು ಹಿಂದಿರುಗಿಸುತ್ತಿದ್ದೇನೆ. ಉಳಿದ ಭಾಗಗಳನ್ನು ಮುಟ್ಟಬೇಡಿ. ಈ ಎರಡು ಪ್ಯಾರಾಗಳನ್ನು ಹೊಸದಾಗಿ ಬರೆದು ಕಳುಹಿಸಿ. ನಿಮಗಾಗಿ ಪುಟ ಕಾಯ್ದಿರಿಸುತ್ತೇನೆ.

ಇಂತಿ,
ಸಂಪಾದಕ